ಚದುರಿದ ಅಕ್ಷರಗಳ ನಿಘಂಟು

ಪದ ತಿಳಿದಿದ್ದು ಅರ್ಥ ತಿಳಿಯದವರಿಗಾಗಿ ಹುಟ್ಟಿದ ಗ್ರಂಥ ನಿಘಂಟು. ಪದದ ಮೊದಲ ಅಕ್ಷರ ಯಾವುದು, ಎರಡನೆಯದು ಯಾವುದು ಎಂದು ಬಲ್ಲವನು ಹಾಳೆಗಳನ್ನು ಮಗುಚುತ್ತ ತನಗೆ ಬೇಕಾದ ಕಡೆಗೆ ಸುಲಭವಾಗಿ ಬಂದು ಸೇರುತ್ತಾನೆ. ಆದರೆ ಕೈಯಲ್ಲಿ ಬರಿಯ ಏಳೆಂಟು ಬಿಡಿ ಅಕ್ಷರಗಳಿದ್ದು, ಅವುಗಳನ್ನು ಹೊಂದಿಸಿದರೆ ಯಾವ ಇಂಗ್ಲಿಷ್ ಪದವಾದೀತು ಎಂದು ಕೇಳುವವನ ಮುಂದೆ ಅದೇ ನಿಘಂಟು, ಎಷ್ಟೇ ದಪ್ಪವಾಗಿದ್ದರೂ, ಬಾಯಿ ಬಿಡುವುದಿಲ್ಲ. ಉತ್ತರ ಅದರೊಳಗೇ ಇರುತ್ತದೆ, ಅದರ ಬಳಿಗೆ ಹೋಗುವ ದಾರಿ ಮಾತ್ರ ಇರುವುದಿಲ್ಲ. ಆ ದಾರಿಯನ್ನು ತೆರೆದವರಲ್ಲಿ ನಿಘಂಟುಕಾರರಿಗಿಂತ ಹೊರಗಿನವರೇ ಹೆಚ್ಚು: ಆಸ್ಥಾನದ ಹೊಗಳುಭಟರು, ತಮ್ಮ ಶೋಧವನ್ನು ಕೆಲಕಾಲ ಮುಚ್ಚಿಡಬಯಸಿದ ಖಗೋಳಜ್ಞರು, ಅಚ್ಚುಮೊಳೆಗಳನ್ನು ಎಣಿಸಿದವರು, ಕೆಲಸ ಕಳೆದುಕೊಂಡ ಒಬ್ಬ ವಾಸ್ತುಶಿಲ್ಪಿ, ಕೊನೆಗೆ ಗಣಕಯಂತ್ರದ ಪಂಡಿತರು. ಇವರೆಲ್ಲರ ಪ್ರಯತ್ನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಎದ್ದುಕಾಣುತ್ತದೆ. ಕೈಯಲ್ಲಿರುವ ಅಕ್ಷರಗಳನ್ನು ಹಿಂದುಮುಂದು ಮಾಡುತ್ತ ಕೂರುವುದರಿಂದ ಈ ಸಮಸ್ಯೆ ಬಗೆಹರಿಯಲಿಲ್ಲ. ನಿಘಂಟಿನ ಪದಗಳನ್ನೇ ಬೇರೊಂದು ಕ್ರಮದಲ್ಲಿ ಇಟ್ಟಾಗ ಬಗೆಹರಿಯಿತು.

ಈ ಹುಡುಕಾಟದಲ್ಲಿ ಮೂರು ಬೇರೆ ಪ್ರಶ್ನೆಗಳು ಬೆರೆತುಕೊಂಡಿವೆ. ಕೊಟ್ಟ ಅಕ್ಷರಗಳಲ್ಲಿ ಒಂದನ್ನೂ ಬಿಡದೆ, ಹೊಸದೊಂದನ್ನೂ ಸೇರಿಸದೆ, ಸ್ಥಾನವನ್ನಷ್ಟೇ ಬದಲಿಸಿ ಮತ್ತೊಂದು ಪದವನ್ನು ಪಡೆಯುವುದು ಮೊದಲನೆಯದು. ಇದಕ್ಕೆ ಇಂಗ್ಲಿಷಿನಲ್ಲಿ ಆ್ಯನಗ್ರಾಂ ಎಂದು ಹೆಸರು, ಕನ್ನಡದಲ್ಲಿ ಅಕ್ಷರಪಲ್ಲಟ ಎನ್ನಬಹುದು. ಕೊಟ್ಟ ಅಕ್ಷರಗಳಲ್ಲಿ ಕೆಲವನ್ನು ಮಾತ್ರ ಬಳಸಿ ಚಿಕ್ಕ ಪದಗಳನ್ನು ಕಟ್ಟುವುದು ಎರಡನೆಯದು. ಕೊಟ್ಟ ಅಕ್ಷರಗಳೆಲ್ಲ ಇರಲೇಬೇಕು, ಅವುಗಳ ಜೊತೆಗೆ ಬೇರೆ ಎಷ್ಟು ಅಕ್ಷರಗಳು ಬಂದರೂ ಸರಿ ಎನ್ನುವುದು ಮೂರನೆಯದು. ಎ, ಇ, ಐ, ಓ, ಯು ಎಂಬ ಐದು ಸ್ವರಾಕ್ಷರಗಳೂ ಇದೇ ಅನುಕ್ರಮದಲ್ಲಿ ಒಂದೊಂದು ಸಲ ಮಾತ್ರ ಬರುವ ಇಂಗ್ಲಿಷ್ ಪದ ಯಾವುದು ಎಂಬ ಹಳೆಯ ಒಗಟು ಈ ಮೂರನೆಯ ಜಾತಿಯದು. ಹಾಸ್ಯದ ಸ್ವಭಾವವನ್ನು ಹೇಳುವ ‘ಫೆಸೀಷಿಯಸ್’ ಮತ್ತು ಮಿತಾಹಾರವನ್ನು ಹೇಳುವ ‘ಆಬ್‌ಸ್ಟೀಮಿಯಸ್’ ಇದಕ್ಕೆ ಬಹುಕಾಲದಿಂದ ಸಿದ್ಧವಾಗಿರುವ ಉತ್ತರಗಳು. ಮೂರೂ ಪ್ರಶ್ನೆಗಳಿಗೆ ಸಾಮಾನ್ಯವಾದ ಲಕ್ಷಣವೆಂದರೆ, ಕೇಳುವವನಿಗೆ ಅಕ್ಷರಗಳ ಲೆಕ್ಕ ಗೊತ್ತು, ಪದದಲ್ಲಿ ಅವು ನಿಲ್ಲುವ ಸ್ಥಾನ ಗೊತ್ತಿಲ್ಲ.

ಇಂಗ್ಲಿಷಿನಲ್ಲಿ ಈ ಆಟ ಇಷ್ಟು ಬೆಳೆಯಲು ಆ ಭಾಷೆಯ ಬರವಣಿಗೆಯ ಸ್ವಭಾವವೂ ಕಾರಣ. ಇ, ಐ, ಎಲ್, ಎನ್, ಎಸ್, ಟಿ ಎಂಬ ಆರು ಅಕ್ಷರಗಳು ಒಂದು ಸಾಲಿನಲ್ಲಿ ನಿಂತರೆ ಆಲಿಸುವಿಕೆಯನ್ನು ಹೇಳುವ ‘ಲಿಸನ್’ ಆಗುತ್ತದೆ, ಇನ್ನೊಂದು ಸಾಲಿನಲ್ಲಿ ನಿಂತರೆ ಮೌನವನ್ನು ಹೇಳುವ ‘ಸೈಲೆಂಟ್’ ಆಗುತ್ತದೆ. ಮೊದಲನೆಯದರಲ್ಲಿ ಉಚ್ಚಾರವೇ ಇಲ್ಲದೆ ಸುಮ್ಮನಿದ್ದ ಟಿ ಎರಡನೆಯದರಲ್ಲಿ ದನಿಯೆತ್ತುತ್ತದೆ. ಒಂದರಲ್ಲಿ ‘ಇ’ಕಾರದಂತೆ ನುಡಿದ ಐ ಇನ್ನೊಂದರಲ್ಲಿ ‘ಐ’ಕಾರವೇ ಆಗುತ್ತದೆ. ಈ ಎರಡು ಪದಗಳನ್ನು ಇಲ್ಲಿರುವಂತೆ ಕನ್ನಡ ಲಿಪಿಯಲ್ಲಿ ಬರೆದೊಡನೆ ಅವುಗಳ ನಂಟೇ ಕಣ್ಮರೆಯಾಗುವುದನ್ನು ಗಮನಿಸಬೇಕು. ಅಕ್ಷರಕ್ಕೂ ಧ್ವನಿಗೂ ನಡುವೆ ಬಿರುಕಿರುವ ಬರವಣಿಗೆಯಲ್ಲಿ ಪಲ್ಲಟಗೊಂಡ ಪದ ಕಿವಿಗೆ ತನ್ನ ಮೂಲದ ಸುಳಿವನ್ನು ಕೊಡುವುದಿಲ್ಲ, ಆದ್ದರಿಂದಲೇ ಅಲ್ಲಿ ಬೆರಗು ಹೆಚ್ಚು. ಕನ್ನಡದಲ್ಲಿ ಕಪಿ ತಿರುಗಿದರೆ ಪಿಕವಾಗುತ್ತದೆ, ನದಿ ತಿರುಗಿದರೆ ದಿನವಾಗುತ್ತದೆ, ವಾಲ್ಮೀಕಿಯ ಕಥೆಯಲ್ಲಿ ‘ಮರಾ ಮರಾ’ ಎಂಬ ಜಪ ತಾನಾಗಿಯೇ ರಾಮನಾಮವಾಗುತ್ತದೆ. ಇಲ್ಲೆಲ್ಲ ಪಲ್ಲಟಗೊಳ್ಳುವ ಘಟಕ ಗುಣಿತಾಕ್ಷರ, ಎಂದರೆ ಸ್ವರಸಹಿತವಾದ ಇಡಿಯ ಅಕ್ಷರವಾದ್ದರಿಂದ, ಎಲ್ಲಿ ಹೋಗಿ ನಿಂತರೂ ಅದರ ಉಚ್ಚಾರ ಅದರ ಜೊತೆಗೇ ಹೋಗುತ್ತದೆ. ಸಂಸ್ಕೃತ ಪರಂಪರೆಗೂ ಇಂಥ ವಿನೋದಗಳು ಹೊಸವಲ್ಲ. ಒಂದು ಅಕ್ಷರವನ್ನು ಕಳೆದರೆ ಬೇರೆ ಅರ್ಥ ಹೊರಡುವಂಥ ಅಕ್ಷರಚ್ಯುತಕ, ಒಂದು ಮಾತ್ರೆಯನ್ನು ಕಳೆಯುವ ಮಾತ್ರಾಚ್ಯುತಕ, ಅನುಸ್ವಾರವನ್ನು ಕಳೆಯುವ ಬಿಂದುಚ್ಯುತಕಗಳನ್ನು ಬಾಣಭಟ್ಟ ತನ್ನ ಕಾದಂಬರಿಯಲ್ಲಿ ಶೂದ್ರಕ ರಾಜನ ಹೊತ್ತು ಕಳೆಯುವ ಬಗೆಗಳ ನಡುವೆ ಹೆಸರಿಸುತ್ತಾನೆ. ಆದರೆ ಅವು ಕವಿಯ ಜಾಣ್ಮೆಗೆ ಸೇರಿದವು; ಭಾಷೆಯ ಪದಸಂಪತ್ತನ್ನೆಲ್ಲ ಜಾಲಾಡಿ ಉತ್ತರವನ್ನು ಹೊರತೆಗೆಯುವ ಸಾಧನಗಳು ಅವುಗಳ ಸುತ್ತ ಬೆಳೆಯಲಿಲ್ಲ.

ಇಂಗ್ಲಿಷಿನಲ್ಲಿಯೂ ಅಂಥ ಸಾಧನಗಳು ಬರುವ ಮೊದಲು ಪದಗಳು ಒಂದು ಕ್ರಮಕ್ಕೆ ಒಳಪಡಬೇಕಾಗಿತ್ತು. 1604ರಲ್ಲಿ ರಾಬರ್ಟ್ ಕಾಡ್ರಿ ಎಂಬ ಶಾಲಾಮಾಸ್ತರ ಸುಮಾರು 2,500 ಕಠಿಣ ಪದಗಳ ಒಂದು ಕಿರುಪುಸ್ತಕವನ್ನು ಪ್ರಕಟಿಸಿದಾಗ, ಅಕಾರಾದಿ ಕ್ರಮವನ್ನು ಬಳಸುವುದು ಹೇಗೆಂದು ಓದುಗರಿಗೆ ಪೀಠಿಕೆಯಲ್ಲಿಯೇ ಹೇಳಿಕೊಡಬೇಕಾಯಿತು: ‘ಎ’ಯಿಂದ ಆರಂಭವಾಗುವ ಪದವನ್ನು ಪುಸ್ತಕದ ಮೊದಲಲ್ಲಿಯೂ ‘ವಿ’ಯಿಂದ ಆರಂಭವಾಗುವುದನ್ನು ಕೊನೆಯ ಕಡೆಗೂ ಹುಡುಕಬೇಕೆಂಬಷ್ಟು ಪ್ರಾಥಮಿಕವಾದ ಪಾಠ ಅದು. ಒಂದೂವರೆ ಶತಮಾನದ ಬಳಿಕ, 1755ರಲ್ಲಿ, ಸ್ಯಾಮ್ಯುಯೆಲ್ ಜಾನ್ಸನ್ನನ ಪ್ರಸಿದ್ಧ ನಿಘಂಟು ಹೊರಬಂದಾಗಲೂ ಐ ಮತ್ತು ಜೆ ಒಂದೇ ಅಕ್ಷರವೆಂಬಂತೆ, ಯು ಮತ್ತು ವಿ ಒಂದೇ ಅಕ್ಷರವೆಂಬಂತೆ ಬೆರೆತು ಜೋಡಣೆಯಾಗಿದ್ದವು. ಅಕ್ಷರಗಳನ್ನು ಎಣಿಸಿ ಆಡುವ ಆಟಕ್ಕೆ ಎಣಿಸಬೇಕಾದ ಅಕ್ಷರಗಳೆಷ್ಟು ಎಂಬುದೇ ಇನ್ನೂ ಪೂರ್ತಿ ಗಟ್ಟಿಯಾಗಿರದ ಕಾಲ ಅದು.

ಪ್ರಶ್ನೆ ಬದಲಾದರೆ ಕ್ರಮವೂ ಬದಲಾಗಬೇಕು ಎಂಬ ಅರಿವು ಇಂಗ್ಲಿಷಿನಲ್ಲಿ ಮೊದಲು ಮೂಡಿದ್ದು ಪ್ರಾಸದ ವಿಷಯದಲ್ಲಿ. ಇಂಗ್ಲಿಷ್ ಪದ್ಯದ ಪ್ರಾಸ ಸಾಲಿನ ಕೊನೆಯಲ್ಲಿ ಬರುವುದರಿಂದ 1775ರಲ್ಲಿ ಜಾನ್ ವಾಕರ್ ಎಂಬುವನು ಪದಗಳನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಓದುತ್ತ ಅಕಾರಾದಿಯಾಗಿ ಜೋಡಿಸಿದ ನಿಘಂಟೊಂದನ್ನು ಸಿದ್ಧಪಡಿಸಿದನು. ಒಂದೇ ಬಗೆಯ ಅಂತ್ಯವುಳ್ಳ ಪದಗಳೆಲ್ಲ ಅದರಲ್ಲಿ ಒಂದೆಡೆ ಸಾಲುಗೂಡಿದವು. ಭಾರತದಲ್ಲಿ ಇದಕ್ಕಿಂತ ಶತಮಾನಗಳ ಹಿಂದೆಯೇ ಮೇದಿನೀಕೋಶದಂಥ ಸಂಸ್ಕೃತ ನಾನಾರ್ಥಕೋಶಗಳು ಪದದ ಕೊನೆಯ ವ್ಯಂಜನವನ್ನು ಹಿಡಿದು ಕಾಂತ, ಖಾಂತ ಎಂದು ವರ್ಗ ಮಾಡಿಕೊಂಡಿದ್ದವು. ಹಳಗನ್ನಡದ ಕವಿಗೆ ಇವೆರಡೂ ಅಷ್ಟಾಗಿ ಒದಗುವಂಥವಲ್ಲ, ಏಕೆಂದರೆ ಕನ್ನಡದ ಆದಿಪ್ರಾಸ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ನಿಲ್ಲುತ್ತದೆ. ಒಂದು ಕಂದಪದ್ಯ ಬರೆಯುವಾಗ ಕವಿ ತನ್ನ ಮನಸ್ಸಿನಲ್ಲಿ ನಡೆಸುವ ಶೋಧ ‘ಎರಡನೆಯ ಸ್ಥಾನದಲ್ಲಿ ಇಂಥ ವ್ಯಂಜನವಿರುವ ಪದ ಯಾವುದು’ ಎಂಬ ಶೋಧವೇ ಆಗಿರುತ್ತದೆ. ಅವನಿಗೆ ಬೇಕಾಗಿದ್ದುದು ಎರಡನೆಯ ಅಕ್ಷರದ ಮೇಲೆ ಜೋಡಣೆಯಾದ ನಿಘಂಟು. ಇಂದಿನ ಇಂಗ್ಲಿಷ್ ಪದಬಂಧ ಬಿಡಿಸುವವನು ‘ಐದು ಅಕ್ಷರದ ಪದ, ಮೂರನೆಯದು ಆರ್’ ಎಂದು ಗೊಣಗಿಕೊಳ್ಳುವುದಕ್ಕೂ ಅದಕ್ಕೂ ಸ್ವರೂಪದಲ್ಲಿ ಹೆಚ್ಚು ಅಂತರವಿಲ್ಲ.

ಅಕ್ಷರಪಲ್ಲಟದ ಇತಿಹಾಸ ಇವೆಲ್ಲಕ್ಕಿಂತ ಹಳೆಯದು, ಆದರೆ ಅದರ ಆರಂಭದ ದಿನಗಳು ಅಷ್ಟೇನೂ ಗಂಭೀರವಾದುವಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯದ ಆಸ್ಥಾನದಲ್ಲಿದ್ದ ಲೈಕೊಫ್ರಾನ್ ಎಂಬ ಗ್ರೀಕ್ ಕವಿ ಟಾಲೆಮಿ ರಾಜನ ಹೆಸರಿನ ಅಕ್ಷರಗಳಿಂದ ‘ಜೇನಿನಿಂದ ಹುಟ್ಟಿದವನು’ ಎಂಬ ಅರ್ಥವನ್ನು ಹೊರಡಿಸಿದ್ದನೆಂದು ಹೇಳುತ್ತಾರೆ. ಫ್ರಾನ್ಸಿನ ದೊರೆ ಹದಿಮೂರನೆಯ ಲೂಯಿ ತನಗೂ ತನ್ನವರಿಗೂ ಹೆಸರುಗಳನ್ನು ಪಲ್ಲಟಿಸಿ ಶುಭವಾಕ್ಯ ಕಟ್ಟಿಕೊಡಲೆಂದೇ ತಾಮಸ್ ಬಿಯೋನ್ ಎಂಬುವನನ್ನು ಸಂಬಳಕ್ಕಿಟ್ಟುಕೊಂಡಿದ್ದನು. ಇಂಗ್ಲೆಂಡಿನಲ್ಲಿ ಈ ಗೀಳು ಎಷ್ಟು ಹರಡಿತ್ತೆಂಬುದಕ್ಕೆ ವಿಲಿಯಂ ಕ್ಯಾಮ್ಡನ್ ಎಂಬ ಇತಿಹಾಸಕಾರ 1605ರ ತನ್ನ ಗ್ರಂಥದಲ್ಲಿ ಅದಕ್ಕಾಗಿ ಮೀಸಲಿಟ್ಟ ಭಾಗವೇ ಸಾಕ್ಷಿ. ‘ಎಚ್’ ಅಕ್ಷರವನ್ನು ಬೇಕಾದರೆ ಬಿಡಬಹುದು, ‘ಎಸ್’ ಬದಲಿಗೆ ‘ಝಡ್’ ಇಡಬಹುದು ಎಂಬಂಥ ರಿಯಾಯಿತಿಗಳನ್ನು ಆಟಗಾರರು ತಮಗೆ ತಾವೇ ಕೊಟ್ಟುಕೊಳ್ಳುತ್ತಿದ್ದರೆಂದು ಅದರಿಂದ ತಿಳಿಯುತ್ತದೆ. ಕಾಗುಣಿತವೇ ಸಡಿಲವಾಗಿದ್ದ ಆ ಕಾಲದಲ್ಲಿ ಈ ರಿಯಾಯಿತಿಗಳನ್ನು ಮೋಸವೆಂದು ಕರೆಯುವುದು ಕಷ್ಟ.

ಹದಿನೇಳನೆಯ ಶತಮಾನದ ವಿಜ್ಞಾನಿಗಳು ಈ ಆಸ್ಥಾನವಿನೋದವನ್ನು ಬೇರೊಂದು ಉದ್ದೇಶಕ್ಕೆ ತಿರುಗಿಸಿದರು. ಒಂದು ಶೋಧವನ್ನು ತಾನೇ ಮೊದಲು ಮಾಡಿದೆನೆಂದು ದಾಖಲಿಸಬೇಕು, ಆದರೆ ಪರೀಕ್ಷೆ ಮುಗಿಯುವವರೆಗೆ ಅದು ಇತರರ ಕೈಗೆ ಸಿಗಬಾರದು ಎಂಬ ಇಕ್ಕಟ್ಟಿನಲ್ಲಿ ಅವರು ಶೋಧದ ಸಾರವನ್ನು ಲ್ಯಾಟಿನ್ ವಾಕ್ಯವೊಂದರಲ್ಲಿ ಬರೆದು, ಅದರ ಅಕ್ಷರಗಳನ್ನು ಕಲಸಿ ಪ್ರಕಟಿಸುತ್ತಿದ್ದರು. 1610ರಲ್ಲಿ ಗೆಲಿಲಿಯೋ ಶನಿಗ್ರಹ ಮೂರು ಭಾಗಗಳಾಗಿ ಕಾಣುತ್ತದೆಂಬ ತನ್ನ ವೀಕ್ಷಣೆಯನ್ನು 37 ಅಕ್ಷರಗಳ ಅರ್ಥವಿಲ್ಲದ ಸಾಲಾಗಿಸಿ ಪ್ರಾಗ್ ನಗರಕ್ಕೆ ಕಳುಹಿಸಿದನು. ಅಲ್ಲಿದ್ದ ಕೆಪ್ಲರ್ ಅದನ್ನು ಬಿಡಿಸಲು ಹೆಣಗಿ, ಅಕ್ಷರಗಳನ್ನು ಹೇಗೋ ಹೊಂದಿಸಿ, ಮಂಗಳನಿಗೆ ಎರಡು ಉಪಗ್ರಹಗಳಿವೆ ಎಂಬ ಅರ್ಥವನ್ನು ಅದರಿಂದ ಹೊರತೆಗೆದನು. ಗೆಲಿಲಿಯೋ ಹೇಳಿದ್ದು ಅದನ್ನಲ್ಲ. ಆದರೆ 1877ರಲ್ಲಿ ಆಸಫ್ ಹಾಲ್ ಎಂಬ ಖಗೋಳಜ್ಞ ಮಂಗಳನ ಎರಡು ಉಪಗ್ರಹಗಳನ್ನು ನಿಜವಾಗಿಯೂ ಕಂಡನು. ತಪ್ಪಾಗಿ ಬಿಡಿಸಿದ ಒಗಟೊಂದು ಕಾಕತಾಳೀಯವಾಗಿ ಸತ್ಯವನ್ನು ನುಡಿದ ಇಂಥ ಉದಾಹರಣೆ ವಿಜ್ಞಾನದ ಚರಿತ್ರೆಯಲ್ಲಿ ವಿರಳ.

ಗೆಲಿಲಿಯೋ ಅಕ್ಷರಗಳನ್ನು ಮನಬಂದಂತೆ ಕಲಸಿದ್ದರೆ, ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ ಅವುಗಳನ್ನು ಅಕಾರಾದಿಯಾಗಿ ವಿಂಗಡಿಸಿದನು. ಶನಿಯ ಸುತ್ತ ತೆಳುವಾದ, ಚಪ್ಪಟೆಯಾದ, ಎಲ್ಲಿಯೂ ಗ್ರಹವನ್ನು ಮುಟ್ಟದ ಬಳೆಯೊಂದಿದೆ ಎಂಬ ಶೋಧವನ್ನು ಅವನು 1656ರಲ್ಲಿ ಪ್ರಕಟಿಸಿದ ರೂಪ ಹೀಗಿತ್ತು: ಏಳು ಎ, ಐದು ಸಿ, ಒಂದು ಡಿ, ಐದು ಇ, ಒಂದು ಜಿ, ಒಂದು ಎಚ್, ಏಳು ಐ, ಹೀಗೆಯೇ ಮುಂದುವರಿದು ಐದು ಯುವಿನವರೆಗೆ ಒಟ್ಟು 62 ಅಕ್ಷರಗಳು. ಇದನ್ನು ಬಿಡಿಸಿದ ವಾಕ್ಯ ಹೊರಬಂದದ್ದು ಮೂರು ವರ್ಷಗಳ ಬಳಿಕ, 1659ರ ಅವನ ಗ್ರಂಥದಲ್ಲಿ. ಇಂಗ್ಲೆಂಡಿನ ರಾಬರ್ಟ್ ಹುಕ್ 1676ರಲ್ಲಿ ಸ್ಪ್ರಿಂಗಿನ ನಿಯಮವನ್ನು 14 ಅಕ್ಷರಗಳ ವಿಂಗಡಿಸಿದ ಸಾಲಿನಲ್ಲಿ ಅಡಗಿಸಿಟ್ಟು, ‘ಹಿಗ್ಗಿದಷ್ಟು ಬಲ’ ಎಂಬ ಅದರ ಅರ್ಥವನ್ನು 1678ರಲ್ಲಿ ಬಿಚ್ಚಿದನು. ಅದೇ 1676ರ ಅಕ್ಟೋಬರಿನಲ್ಲಿ ನ್ಯೂಟನ್ ಲೈಬ್ನಿಟ್ಸನಿಗೆ ತಲುಪಲೆಂದು ಬರೆದ ಪತ್ರದಲ್ಲಿ ತನ್ನ ಕಲನಶಾಸ್ತ್ರದ ಮೂಲಸೂತ್ರವನ್ನು ಇನ್ನೂ ಅಡಕವಾಗಿ, ಅಕ್ಷರದ ಪಕ್ಕದಲ್ಲಿ ಅದರ ಸಂಖ್ಯೆಯನ್ನಷ್ಟೇ ಬರೆದು ಮುಚ್ಚಿಟ್ಟನು. ಹೀಗೆ ವಿಂಗಡಿಸಿದ ಸಾಲಿನ ವಿಶೇಷವೆಂದರೆ, ಒಂದೇ ಅಕ್ಷರಸಮೂಹದಿಂದ ಎಷ್ಟು ಬೇರೆ ವಾಕ್ಯಗಳನ್ನು ಕಟ್ಟಿದರೂ, ಅಕಾರಾದಿಯಾಗಿ ಇಟ್ಟಾಗ ಅವೆಲ್ಲಕ್ಕೂ ಸಿಗುವುದು ಅದೊಂದೇ ರೂಪ. ಕ್ರಮವನ್ನು ಅಳಿಸಿಹಾಕಿ ಲೆಕ್ಕವನ್ನು ಮಾತ್ರ ಉಳಿಸುವ ಈ ಉಪಾಯ ಅಡಗಿಸಿಡಲಿಕ್ಕೆ ಹುಟ್ಟಿದ್ದು. ಅದೇ ಉಪಾಯ ಹುಡುಕಿ ತೆಗೆಯಲಿಕ್ಕೂ ಬಂದೀತೆಂದು ಅವರಲ್ಲಿ ಯಾರಿಗೂ ತೋರಿದಂತಿಲ್ಲ. ತೋರಬೇಕಾದ ಅಗತ್ಯವೂ ಅವರಿಗೆ ಇರಲಿಲ್ಲ.

ಅಕ್ಷರಗಳನ್ನು ಎಣಿಸುವ ಇನ್ನೊಂದು ಧಾರೆ ಗೂಢಲಿಪಿ ಮತ್ತು ಮುದ್ರಣಗಳ ಕಡೆಯಿಂದ ಹರಿದುಬಂದಿತು. ಪ್ರತಿ ಭಾಷೆಯಲ್ಲಿಯೂ ಕೆಲವು ಅಕ್ಷರಗಳು ಹೆಚ್ಚು, ಕೆಲವು ಕಡಿಮೆ ಬಳಕೆಯಾಗುತ್ತವೆ, ಆ ಅನುಪಾತದಿಂದಲೇ ಗೂಢಲಿಪಿಯನ್ನು ಒಡೆಯಬಹುದು ಎಂಬುದನ್ನು ಒಂಬತ್ತನೆಯ ಶತಮಾನದ ಬಾಗ್ದಾದಿನ ಅಲ್-ಕಿಂದಿ ವಿವರಿಸಿದ್ದನು. ಮುದ್ರಕರಿಗಾದರೋ ಇದು ಶಾಸ್ತ್ರಕ್ಕಿಂತ ಹೆಚ್ಚಾಗಿ ದಿನದ ಕಸುಬು: ಇಂಗ್ಲಿಷ್ ಅಚ್ಚುಮೊಳೆಗಳ ಪೆಟ್ಟಿಗೆಯಲ್ಲಿ ‘ಇ’ ಮೊಳೆಗಳ ಮನೆ ಎಲ್ಲಕ್ಕಿಂತ ದೊಡ್ಡದಾಗಿ, ಕೈಗೆ ಹತ್ತಿರವಾಗಿ ಇರುತ್ತಿತ್ತು. 1830ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಮೋರ್ಸ್ ಮತ್ತು ಅವನ ಸಹಾಯಕ ಆಲ್ಫ್ರೆಡ್ ವೇಲ್ ತಂತಿ ಸಂಕೇತವನ್ನು ರೂಪಿಸುವಾಗ ಯಾವ ಅಕ್ಷರಕ್ಕೆ ಚಿಕ್ಕ ಸಂಕೇತ ಕೊಡಬೇಕೆಂದು ತಿಳಿಯಲು ಮುದ್ರಣಾಲಯದ ಮೊಳೆಗಳ ದಾಸ್ತಾನನ್ನೇ ಆಧಾರವಾಗಿ ಹಿಡಿದರು. ಆ ಲೆಕ್ಕದಲ್ಲಿ ‘ಇ’ 12,000, ‘ಟಿ’ 9,000 ಇದ್ದರೆ ‘ಝಡ್’ ಕೇವಲ 200. ‘ಇ’ಗೆ ಒಂದೇ ಚುಕ್ಕೆ ಸಿಕ್ಕಿದ್ದು ಹೀಗೆ. ಎಡ್ಗರ್ ಅಲನ್ ಪೋ 1843ರಲ್ಲಿ ಬರೆದ ‘ದಿ ಗೋಲ್ಡ್ ಬಗ್’ ಕಥೆಯಲ್ಲಿ ನಿಧಿಯ ಗುಟ್ಟನ್ನು ಬಿಡಿಸುವವನು ಇದೇ ತತ್ತ್ವವನ್ನು ಬಳಸುತ್ತಾನೆ, ಆದರೆ ಪೋ ಅವನ ಬಾಯಿಂದ ಹೇಳಿಸುವ ಪಟ್ಟಿಯಲ್ಲಿ ವಾಸ್ತವವಾಗಿ ಎರಡನೆಯದಾಗಿರಬೇಕಾದ ‘ಟಿ’ ಹತ್ತನೆಯ ಸ್ಥಾನಕ್ಕೆ ಜಾರಿದೆ. ಕಥೆಗೆ ಅದರಿಂದ ಕುಂದೇನೂ ಆಗಿಲ್ಲ.

ಪೋನ ಈ ಕಥೆಯಿಂದ ಪ್ರೇರಣೆ ಪಡೆದನೆಂದು ಹೇಳಲಾಗುವ ಆಲ್ಫ್ರೆಡ್ ಮೋಷರ್ ಬಟ್ಸ್ 1899ರಲ್ಲಿ ನ್ಯೂಯಾರ್ಕ್ ರಾಜ್ಯದ ಪೋಕೀಪ್ಸಿಯಲ್ಲಿ ಹುಟ್ಟಿದವನು, ವೃತ್ತಿಯಿಂದ ವಾಸ್ತುಶಿಲ್ಪಿ. 1930ರ ದಶಕದ ಆರಂಭದ ಮಹಾ ಆರ್ಥಿಕ ಕುಸಿತದಲ್ಲಿ ಕಟ್ಟಡಗಳ ಕೆಲಸ ನಿಂತುಹೋಗಿ ಉದ್ಯೋಗ ಕಳೆದುಕೊಂಡ ಅವನು, ಬಿಡುವಿನ ಹೊತ್ತಿನಲ್ಲಿ ಆಟಗಳನ್ನೇ ಅಧ್ಯಯನಕ್ಕೆ ತೆಗೆದುಕೊಂಡನು. ಚದುರಂಗದಂತೆ ಕಾಯಿ ನಡೆಸುವ ಆಟಗಳು, ದಾಳ ಮತ್ತು ಇಸ್ಪೀಟಿನಂತೆ ಸಂಖ್ಯೆಯ ಆಟಗಳು, ಅಕ್ಷರಗಳ ಆಟಗಳು ಎಂದು ಮೂರು ಗುಂಪು ಮಾಡಿ, ಮೂರನೆಯ ಗುಂಪಿನಲ್ಲಿ ಅಕ್ಷರಪಲ್ಲಟದ ಒಂದು ಹಳೆಯ ಆಟ ಬಿಟ್ಟರೆ ಬೇರೇನೂ ಬೇರೂರಿಲ್ಲವೆಂಬುದನ್ನು ಗುರುತಿಸಿದನು. ಅಕ್ಷರಗಳನ್ನು ಸಮಸಂಖ್ಯೆಯಲ್ಲಿ ಇಟ್ಟರೆ ಆಟ ಸೊರಗುತ್ತದೆ, ಭಾಷೆಯಲ್ಲಿ ಅವು ಬರುವ ಅನುಪಾತದಲ್ಲಿಯೇ ಇಡಬೇಕು ಎಂದು ನಿಶ್ಚಯಿಸಿ, ಪತ್ರಿಕೆಗಳ ಪುಟಗಳನ್ನು ಮುಂದಿಟ್ಟುಕೊಂಡು ಒಂದೊಂದೇ ಅಕ್ಷರವನ್ನು ಎಣಿಸಿ ಗೆರೆ ಹಾಕುತ್ತ ಹೋದನು; ನ್ಯೂಯಾರ್ಕ್ ಟೈಮ್ಸ್‌ನ ಮುಖಪುಟವೂ ಅವುಗಳಲ್ಲಿ ಒಂದು. ನಕ್ಷೆ ಬರೆಯುವವನ ತಾಳ್ಮೆಯಿಂದ ನಡೆದ ಈ ಎಣಿಕೆಯ ಫಲವಾಗಿಯೇ ಇಂದಿನ ಸ್ಕ್ರ್ಯಾಬಲ್ ಆಟದ 100 ಬಿಲ್ಲೆಗಳಲ್ಲಿ ‘ಇ’ 12, ‘ಎ’ ಮತ್ತು ‘ಐ’ ಒಂಬತ್ತೊಂಬತ್ತು, ‘ಓ’ ಎಂಟು ಇವೆ; ‘ಕ್ಯೂ’ ಮತ್ತು ‘ಝಡ್’ ಒಂದೊಂದೇ ಇದ್ದು ತಲಾ ಹತ್ತು ಅಂಕ ಪಡೆಯುತ್ತವೆ; ಯಾವ ಅಕ್ಷರವಾಗಿಯೂ ನಿಲ್ಲಬಲ್ಲ ಖಾಲಿ ಬಿಲ್ಲೆಗಳು ಎರಡು. ಅವನು ಎಣಿಕೆಯನ್ನು ಕುರುಡಾಗಿ ಅನುಸರಿಸಲಿಲ್ಲ ಎಂಬುದು ‘ಎಸ್’ ಅಕ್ಷರದಲ್ಲಿ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಬಹುತೇಕ ನಾಮಪದಗಳಿಗೆ ‘ಎಸ್’ ಅಂಟಿಸಿ ಬಹುವಚನ ಮಾಡಿ ಸುಲಭವಾಗಿ ಅಂಕ ಗಳಿಸುವುದನ್ನು ತಡೆಯಲೆಂದು ಅದನ್ನು ನಾಲ್ಕಕ್ಕೇ ಸೀಮಿತಗೊಳಿಸಿದನು.

ಮೊದಲಿಗೆ ‘ಲೆಕ್ಸಿಕೊ’ ಎಂಬ ಹೆಸರಿನಲ್ಲಿ ಮಣೆಯೇ ಇಲ್ಲದೆ ಬಿಲ್ಲೆಗಳಿಂದಷ್ಟೇ ಆಡುತ್ತಿದ್ದ ಆಟಕ್ಕೆ 1938ರ ಹೊತ್ತಿಗೆ ಚೌಕಗಳ ಮಣೆ ಸೇರಿತು. ಇದಕ್ಕೆ ಮಾದರಿಯಾದದ್ದು, ಲಿವರ್‌ಪೂಲ್ ಮೂಲದ ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಪ್ರಕಟಿಸಿ ಮುಂದೆ ಜಗತ್ತನ್ನೇ ಹಿಡಿದ ಪದಬಂಧ. ದೊಡ್ಡ ಆಟಿಕೆ ಕಂಪನಿಗಳು ಬಟ್ಸ್‌ನ ಆಟವನ್ನು ತಿರಸ್ಕರಿಸಿದವು. 1948ರಲ್ಲಿ ಜೇಮ್ಸ್ ಬ್ರೂನೋ ಎಂಬುವನು ತಯಾರಿಕೆಯ ಹಕ್ಕು ಪಡೆದು, ನಿಯಮಗಳನ್ನು ಸರಳಗೊಳಿಸಿ, ‘ಕೈಯಿಂದ ತಡಕಾಡುವುದು’ ಎಂಬರ್ಥ ಬರುವ ‘ಸ್ಕ್ರ್ಯಾಬಲ್’ ಹೆಸರನ್ನು ಕೊಟ್ಟನು. ಮರುವರ್ಷ ಕನೆಟಿಕಟ್ ರಾಜ್ಯದ ಹಳೆಯ ಶಾಲಾಕಟ್ಟಡವೊಂದರಲ್ಲಿ 2,400 ಪೆಟ್ಟಿಗೆಗಳನ್ನು ತಯಾರಿಸಿ 450 ಡಾಲರ್ ನಷ್ಟ ಅನುಭವಿಸಿದನು. ನ್ಯೂಯಾರ್ಕಿನ ಮೇಸೀಸ್ ಅಂಗಡಿಯ ಅಧ್ಯಕ್ಷ ರಜೆಯಲ್ಲಿ ಈ ಆಟವನ್ನು ಆಡಿ ಮೆಚ್ಚಿ ತನ್ನ ಅಂಗಡಿಗೆ ತರಿಸಿದನೆಂಬುದು ಪ್ರಚಲಿತ ಕಥೆ. ಕಾರಣ ಏನೇ ಇರಲಿ, 1952ರಿಂದ ಬೇಡಿಕೆ ಹುಚ್ಚೆದ್ದು, 1954ರಲ್ಲಿ ಸುಮಾರು 40 ಲಕ್ಷ ಪೆಟ್ಟಿಗೆಗಳು ಮಾರಾಟವಾದವು. ಬಟ್ಸ್ ವಾಸವಾಗಿದ್ದ ಕ್ವೀನ್ಸ್‌ನ ಜ್ಯಾಕ್ಸನ್ ಹೈಟ್ಸ್ ಬಡಾವಣೆಯಲ್ಲಿ ರಸ್ತೆಯ ಒಂದು ನಾಮಫಲಕದ ಅಕ್ಷರಗಳ ಕೆಳಗೆ ಆಟದ ಅಂಕಗಳನ್ನು ನಮೂದಿಸಿ ಅವನನ್ನು ನೆನೆಯಲಾಗಿದೆ.

ಆಟ ಮನೆಮನೆಗೆ ಹೋದೊಡನೆ ನಿಘಂಟಿನ ಜಗಳಗಳೂ ಹಿಂಬಾಲಿಸಿದವು. ಯಾವುದು ಪದ, ಯಾವುದು ಅಲ್ಲ ಎಂದು ತೀರ್ಮಾನಿಸಲು 1978ರಲ್ಲಿ ಮೆರಿಯಂ-ವೆಬ್‌ಸ್ಟರ್ ಸಂಸ್ಥೆ ಐದು ಕಾಲೇಜು ನಿಘಂಟುಗಳನ್ನು ಜಾಲಿಸಿ ಆಟಗಾರರಿಗೆಂದೇ ಒಂದು ಅಧಿಕೃತ ನಿಘಂಟನ್ನು ಹೊರತಂದಿತು. ಅದರಲ್ಲಿ ಅರ್ಥವಿವರಣೆಗಳು ತೀರ ಚುಟುಕಾಗಿದ್ದವು. 1998ರಲ್ಲಿ ಪಂದ್ಯಗಳಿಗಾಗಿ ಹೊರಬಂದ ಪದಪಟ್ಟಿಯಲ್ಲಿ ಅರ್ಥಗಳೇ ಇರಲಿಲ್ಲ. ಅರ್ಥ ಹೇಳಲಿಕ್ಕೆಂದು ಹುಟ್ಟಿದ ಗ್ರಂಥಪ್ರಕಾರ ಅರ್ಥವನ್ನು ಪೂರ್ತಿಯಾಗಿ ತೊರೆದು ಬಾಳಿದ್ದು ಇಲ್ಲಿ. ಪಣತೊಟ್ಟ ಆಟಗಾರರು ಈ ಪಟ್ಟಿಯನ್ನು ಕಲಿಯಲು ಕಂಡುಕೊಂಡ ಮಾರ್ಗವೇ ಹೈಗೆನ್ಸ್ ಮತ್ತು ಹುಕ್‌ರ ಮಾರ್ಗ. ಪ್ರತಿ ಪದದ ಅಕ್ಷರಗಳನ್ನು ಅಕಾರಾದಿಯಾಗಿ ವಿಂಗಡಿಸಿ ಚೀಟಿಯ ಒಂದು ಬದಿಗೆ ಬರೆದು, ಅದರಿಂದಾಗುವ ಪದಗಳನ್ನೆಲ್ಲ ಹಿಂಬದಿಗೆ ಬರೆದು, ಗಿಳಿಪಾಠದಂತೆ ಒಪ್ಪಿಸುವುದು. ಹೀಗೆ ವಿಂಗಡಿಸಿದ ಸಾಲಿಗೆ ಅವರು ‘ಆಲ್ಫಾಗ್ರಾಂ’ ಎನ್ನುತ್ತಾರೆ. ಎ, ಇ, ಐ, ಎನ್, ಆರ್, ಎಸ್, ಟಿ ಎಂಬ ಆಲ್ಫಾಗ್ರಾಂ ಕಂಡೊಡನೆ ಅನುಭವಿ ಆಟಗಾರನಿಗೆ ಹೆಚ್ಚು ಹೊಲಸಾದುದನ್ನು ಹೇಳುವ ‘ನಾಸ್ಟಿಯರ್’, ಉಳಿಸಿಕೊಳ್ಳುವುದನ್ನು ಹೇಳುವ ‘ರಿಟೇನ್ಸ್’, ಕಣ್ಣಿನ ಪಟಲಗಳಾದ ‘ರೆಟಿನಾಸ್’, ಮರಕ್ಕೆ ಬಣ್ಣವೂಡಿಸುವ ‘ಸ್ಟೇನರ್’, ಕೊಬ್ಬಿನ ಒಂದು ಘಟಕವಾದ ‘ಸ್ಟಿಯರಿನ್’, ಗ್ರೀಸಿನ ರಾಳದ ವಾಸನೆಯ ಮದ್ಯವಾದ ‘ರೆಟ್ಸೀನಾ’ ಒಟ್ಟಿಗೆ ನೆನಪಾಗುತ್ತವೆ. ಅನೇಕ ಆಟಗಾರರು ಕೈಗೆ ಬಂದ ಬಿಲ್ಲೆಗಳನ್ನು ಮೊದಲು ಅಕಾರಾದಿಯಾಗಿ ಜೋಡಿಸಿಕೊಳ್ಳುವುದು ಇದಕ್ಕಾಗಿಯೇ: ಪ್ರಶ್ನೆಯನ್ನು ತಾವು ಕಂಠಪಾಠ ಮಾಡಿದ ರೂಪಕ್ಕೆ ತಂದುಕೊಂಡರೆ ಉತ್ತರ ಹುಡುಕುವ ಕೆಲಸ ಉಳಿಯುವುದಿಲ್ಲ.

ದೂರದರ್ಶನ ಇದೇ ಕಲೆಯನ್ನು ನೋಟಕರ ಮುಂದಿಟ್ಟಿತು. ಫ್ರಾನ್ಸಿನಲ್ಲಿ 1965ರಲ್ಲಿ ಆರಂಭವಾದ ಒಂದು ಕಾರ್ಯಕ್ರಮವನ್ನು ಅನುಸರಿಸಿ ಬ್ರಿಟನ್ನಿನ ಚಾನೆಲ್ ಫೋರ್ ತನ್ನ ಹುಟ್ಟಿದ ದಿನವಾದ 1982ರ ನವೆಂಬರ್ 2ರಂದೇ ‘ಕೌಂಟ್‌ಡೌನ್’ ಎಂಬ ಸ್ಪರ್ಧೆಯನ್ನು ಪ್ರಸಾರ ಮಾಡಿತು; ಒಂಬತ್ತು ಅಕ್ಷರಗಳಿಂದ ಅತ್ಯಂತ ಉದ್ದದ ಪದವನ್ನು 30 ಸೆಕೆಂಡುಗಳಲ್ಲಿ ಕಟ್ಟಬೇಕಾದ ಆಟ ಅದು. ಏಳು ಅಕ್ಷರಗಳ ಜೇನುಗೂಡಿನಿಂದ ಪದ ಕಟ್ಟುವ ನ್ಯೂಯಾರ್ಕ್ ಟೈಮ್ಸ್‌ನ ‘ಸ್ಪೆಲ್ಲಿಂಗ್ ಬೀ’ ತೀರ ಈಚಿನದು.

ಒಂಬತ್ತು ಬೇರೆಬೇರೆ ಅಕ್ಷರಗಳನ್ನು 3,62,880 ರೀತಿಯಲ್ಲಿ ಸಾಲಾಗಿ ಇಡಬಹುದು. ಗಣಕಯಂತ್ರಕ್ಕೆ ಪದ ಹುಡುಕುವ ಕೆಲಸ ಒಪ್ಪಿಸಿದವರಿಗೆ ಮೊದಲು ಹೊಳೆಯುವ ಉಪಾಯ, ಅಷ್ಟೂ ಸಾಲುಗಳನ್ನು ಹೊರಡಿಸಿ ಒಂದೊಂದನ್ನೂ ನಿಘಂಟಿನಲ್ಲಿ ಹುಡುಕುವುದು. ಯಂತ್ರದ ವೇಗವನ್ನು ನೆಚ್ಚಿ ಹೀಗೆ ಮಾಡುವುದು ಎಷ್ಟು ದಂಡವೆಂಬುದನ್ನು ಬೆಲ್ ಪ್ರಯೋಗಾಲಯದ ಜಾನ್ ಬೆಂಟ್ಲಿ 1983ರಲ್ಲಿ ಗಣಕವಿಜ್ಞಾನದ ನಿಯತಕಾಲಿಕವೊಂದರ ತನ್ನ ಅಂಕಣದಲ್ಲಿ ತೋರಿಸಿಕೊಟ್ಟನು. ನಿಘಂಟಿನ ಪ್ರತಿ ಪದಕ್ಕೂ ಅದರ ಅಕ್ಷರಗಳನ್ನು ವಿಂಗಡಿಸಿದ ಸಾಲನ್ನು ಗುರುತುಚೀಟಿಯಾಗಿ ಕಟ್ಟಿ, ಪದಗಳನ್ನೆಲ್ಲ ಆ ಗುರುತಿನ ಪ್ರಕಾರ ಒಮ್ಮೆ ಜೋಡಿಸಿಬಿಟ್ಟರೆ, ಪರಸ್ಪರ ಪಲ್ಲಟವಾಗುವ ಪದಗಳೆಲ್ಲ ತಾವಾಗಿಯೇ ಒಂದೆಡೆ ಬಂದು ನಿಲ್ಲುತ್ತವೆ. ಆಮೇಲೆ ಎಷ್ಟು ಪ್ರಶ್ನೆ ಬಂದರೂ ಒಂದೊಂದು ಸಲ ನೋಡಿದರೆ ಸಾಕು. ಹೈಗೆನ್ಸ್ ಬೀಗವಾಗಿ ಬಳಸಿದ ವಿಂಗಡಣೆ ಇಲ್ಲಿ ಬೀಗದ ಕೈಯಾಗಿದೆ. ಅದೇ ಪ್ರಯೋಗಾಲಯದಲ್ಲಿ ಕೆನ್ ತಾಂಪ್ಸನ್ 1970ರ ದಶಕದ ಮೊದಲ ವರ್ಷಗಳಲ್ಲಿ ರೂಪಿಸಿದ ‘ಗ್ರೆಪ್’ ಎಂಬ ಉಪಕರಣ, ‘ಇಂಥ ಸ್ಥಾನದಲ್ಲಿ ಇಂಥ ಅಕ್ಷರ, ನಡುವೆ ಏನಾದರೂ ಇರಲಿ’ ಎಂಬ ಬಗೆಯ ಮಾದರಿಯನ್ನು ಕೊಟ್ಟರೆ ಅದಕ್ಕೆ ಹೊಂದುವ ಸಾಲುಗಳನ್ನು ಕಡತದಿಂದ ಆಯ್ದು ಕೊಡುತ್ತಿತ್ತು. ಕವಿಯ ಎರಡನೆಯ ಅಕ್ಷರದ ಪ್ರಶ್ನೆಗೂ ಪದಬಂಧದವನ ಮೂರನೆಯ ಅಕ್ಷರದ ಪ್ರಶ್ನೆಗೂ ಇದು ಸಮಾನವಾಗಿ ಸಲ್ಲುವ ಸಾಧನ. ಹಲವು ಗಣಕ ವ್ಯವಸ್ಥೆಗಳ ಜೊತೆಗೆ ಬರುತ್ತಿದ್ದ 2,34,936 ಪದಗಳ ಪಟ್ಟಿ 1934ರ ವೆಬ್‌ಸ್ಟರ್ ಮಹಾನಿಘಂಟಿನಿಂದ ತೆಗೆದುಕೊಂಡದ್ದಾಗಿತ್ತು. ಅದರಲ್ಲಿಯೂ ಅರ್ಥಗಳಿರಲಿಲ್ಲ.

ಅಕ್ಷರಪಲ್ಲಟ ಹೀಗೆ ಸುಲಭವಾದರೂ ಉಳಿದ ಎರಡು ಪ್ರಶ್ನೆಗಳಿಗೆ ಬೇರೆ ಯುಕ್ತಿಗಳು ಬೇಕಾದವು. ಪ್ರತಿ ಅಕ್ಷರಕ್ಕೂ ಒಂದೊಂದು ಅವಿಭಾಜ್ಯ ಸಂಖ್ಯೆಯನ್ನು ಕೊಟ್ಟು, ಪದದ ಅಕ್ಷರಗಳ ಸಂಖ್ಯೆಗಳನ್ನು ಗುಣಿಸಿ ಬರುವ ಗುಣಲಬ್ಧವನ್ನು ಪದದ ಗುರುತಾಗಿ ಇಟ್ಟುಕೊಳ್ಳುವುದು ಅವುಗಳಲ್ಲಿ ಸೊಗಸಾದ ಒಂದು. ಗುಣಾಕಾರದಲ್ಲಿ ಕ್ರಮಕ್ಕೆ ಬೆಲೆಯಿಲ್ಲದ್ದರಿಂದ ಪಲ್ಲಟಗೊಂಡ ಪದಗಳಿಗೆಲ್ಲ ಒಂದೇ ಗುಣಲಬ್ಧ ಬರುತ್ತದೆ. ಒಂದು ಪದದ ಗುಣಲಬ್ಧವನ್ನು ಕೊಟ್ಟ ಅಕ್ಷರಗಳ ಗುಣಲಬ್ಧದಿಂದ ಶೇಷವಿಲ್ಲದೆ ಭಾಗಿಸಲು ಬಂದರೆ ಆ ಪದದಲ್ಲಿ ಕೊಟ್ಟ ಅಕ್ಷರಗಳೆಲ್ಲ ಇವೆಯೆಂದು ಅರ್ಥ, ತಿರುಗಿಸಿ ಭಾಗಿಸಿದರೆ ಎರಡನೆಯ ಜಾತಿಯ ಪ್ರಶ್ನೆಗೆ ಉತ್ತರ. ಸ್ಕ್ರ್ಯಾಬಲ್ ಆಡುವ ಯಂತ್ರಗಳಿಗೆ ಹೆಚ್ಚು ಒದಗಿದ್ದು ಮರದಂಥ ಒಂದು ರಚನೆ. ಒಂದೇ ರೀತಿ ಆರಂಭವಾಗುವ ಪದಗಳಿಗೆ ಒಂದೇ ಕಾಂಡ, ಬೇರೆಯಾಗುವಲ್ಲಿ ಕೊಂಬೆ ಎಂಬಂತೆ ನಿಘಂಟನ್ನು ಕಟ್ಟಿದರೆ, ಕೈಯಲ್ಲಿಲ್ಲದ ಅಕ್ಷರದ ಕೊಂಬೆಗಳನ್ನು ಹತ್ತುವ ಶ್ರಮವೇ ತಪ್ಪುತ್ತದೆ. ಆ್ಯಂಡ್ರೂ ಅಪೆಲ್ ಮತ್ತು ಗೈ ಜೇಕಬ್ಸನ್ 1988ರಲ್ಲಿ ಒಂದೇ ರೀತಿ ಮುಗಿಯುವ ಪದಗಳ ತುದಿಗಳನ್ನೂ ಒಂದುಗೂಡಿಸಿ ಈ ಮರವನ್ನು ಬಹಳ ಕಿರಿದಾಗಿಸಿ, ಮಣೆಯ ಮೇಲೆ ಸಾಧ್ಯವಿರುವ ನಡೆಗಳನ್ನೆಲ್ಲ ಕ್ಷಣದಲ್ಲಿ ಪಟ್ಟಿ ಮಾಡುವ ವಿಧಾನವನ್ನು ಪ್ರಕಟಿಸಿದರು. ವಾಕರನ ತಿರುಗುನಿಘಂಟಿನ ತತ್ತ್ವ ಅಕಾರಾದಿ ನಿಘಂಟಿನ ತತ್ತ್ವದೊಡನೆ ಹೀಗೆ ಹೊಲಿಗೆಯಾಯಿತು.

ಯಂತ್ರಕ್ಕೆ ಅರ್ಥ ಬೇಕಿಲ್ಲವೆಂಬುದರಲ್ಲಿ ಆಶ್ಚರ್ಯವಿಲ್ಲ. ಮನುಷ್ಯನಿಗೂ ಬೇಕಿಲ್ಲವೆಂಬುದು ಪಂದ್ಯಗಳಲ್ಲಿ ಗೊತ್ತಾಯಿತು. 1991ರಲ್ಲಿ ಲಂಡನ್ನಿನಲ್ಲಿ ಆರಂಭವಾದ ವಿಶ್ವ ಸ್ಕ್ರ್ಯಾಬಲ್ ಪಂದ್ಯವನ್ನು 2003ರಲ್ಲಿ ಗೆದ್ದವನು ಥಾಯ್ಲೆಂಡಿನ ಪಾನುಪೋಲ್ ಸುಜ್ಜಯಕೋರ್ನ್, 2015ರಲ್ಲಿ ಗೆದ್ದವನು ನೈಜೀರಿಯದ ವೆಲಿಂಗ್ಟನ್ ಜಿಗೆರೆ. ಇಂಗ್ಲಿಷಿನ ಹಳೆಯ ನೆಲೆಗಳಿಂದ ದೂರದಲ್ಲಿ ಪದಪಟ್ಟಿಯನ್ನು ಕಂಠಪಾಠ ಮಾಡಿ ಬೆಳೆದ ಪರಂಪರೆಗಳು ಇವು. ಇಂಗ್ಲಿಷ್ ವಿಶ್ವಪ್ರಶಸ್ತಿಯನ್ನು ಹಲವು ಬಾರಿ ಗೆದ್ದ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರ ಜುಲೈನಲ್ಲಿ ಬೆಲ್ಜಿಯಮಿನಲ್ಲಿ ನಡೆದ ಫ್ರೆಂಚ್ ಭಾಷೆಯ ಪಂದ್ಯಕ್ಕೆ ಕೆಲವೇ ವಾರಗಳ ಮೊದಲು ಫ್ರೆಂಚ್ ಪದಪಟ್ಟಿಯನ್ನು ಓದಿಕೊಂಡು ಹೋಗಿ, ಆ ಭಾಷೆಯಲ್ಲಿ ಮಾತನಾಡಲು ಬಾರದಿದ್ದರೂ, ಫ್ರೆಂಚ್ ಮಾತೃಭಾಷೆಯವರನ್ನು ಸೋಲಿಸಿ ಪ್ರಶಸ್ತಿಯನ್ನು ತಂದನು. 2024ರಲ್ಲಿ ಸ್ಪೇನಿನ ಗ್ರನಾಡದಲ್ಲಿ ಸ್ಪ್ಯಾನಿಷ್ ಪ್ರಶಸ್ತಿಯೂ ಅವನದಾಯಿತು. ಬೆಲ್ಜಿಯಮಿನಲ್ಲಿ ಗೆದ್ದ ಮೇಲೆ ಸಭೆಯೊಡನೆ ನಾಲ್ಕು ಮಾತನಾಡಲು ಅವನು ದುಭಾಷಿಯೊಬ್ಬರ ನೆರವನ್ನು ಪಡೆಯಬೇಕಾಯಿತು.